ಓರೆ ಬಾಣದ ಪಟ ಪರಮಾಣುವಿನ ನಿಯಮವಲ್ಲ

ಪರಮಾಣುವಿನ ಎಲೆಕ್ಟ್ರಾನ್ ವಿನ್ಯಾಸವೆಂದರೆ ಅದರ ಎಲೆಕ್ಟ್ರಾನುಗಳು ಯಾವ ಯಾವ ಆರ್ಬಿಟಲ್‌ನಲ್ಲಿ ಎಷ್ಟೆಷ್ಟು ಇವೆ ಎಂಬ ಲೆಕ್ಕ. ಅದೇ ಲೆಕ್ಕವನ್ನು ಪೆಟ್ಟಿಗೆ ಬರೆದು, ಒಂದೊಂದು ಎಲೆಕ್ಟ್ರಾನಿಗೆ ಒಂದೊಂದು ಬಾಣ ಹಾಕಿ ತೋರಿಸಿದರೆ ಅದು ಆರ್ಬಿಟಲ್ ಚಿತ್ರ. ಕರ್ನಾಟಕದಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದವರು ಮೊದಲ ಕೆಲವು ತಿಂಗಳಲ್ಲೇ ಇವೆರಡನ್ನೂ ಕಲಿಯುತ್ತಾರೆ. ಕಲಿಸುವ ಕ್ರಮವೂ ಬಹುಪಾಲು ಎಲ್ಲೆಡೆ ಒಂದೇ. ಬೋರ್ಡಿನ ಮೇಲೆ 1ಎಸ್, ಅದರ ಕೆಳಗೆ 2ಎಸ್ 2ಪಿ, ಅದರ ಕೆಳಗೆ 3ಎಸ್ 3ಪಿ 3ಡಿ ಎಂದು ಸಾಲುಸಾಲಾಗಿ ಬರೆದು ಬಲದಿಂದ ಎಡಕ್ಕೆ ಇಳಿಯುವ ಓರೆ ಬಾಣಗಳನ್ನು ಎಳೆಯಲಾಗುತ್ತದೆ. ಬಾಣ ಹೋದ ದಾರಿಯಲ್ಲೇ ಎಲೆಕ್ಟ್ರಾನುಗಳನ್ನು ತುಂಬುತ್ತ ಹೋದರೆ ಉತ್ತರ ಸಿದ್ಧ.

ಈ ಪಟದ ಜೊತೆಗೆ ಮೂರು ಮಾತುಗಳು ಬರುತ್ತವೆ. 4ಎಸ್ ಆರ್ಬಿಟಲ್‌ನ ಶಕ್ತಿ 3ಡಿಗಿಂತ ಕಡಿಮೆ, ಆದ್ದರಿಂದ ಅದು ಮೊದಲು ತುಂಬುತ್ತದೆ ಎಂಬುದು ಮೊದಲನೆಯದು. ಕ್ರೋಮಿಯಂ ಮತ್ತು ತಾಮ್ರ ಇದಕ್ಕೆ ಅಪವಾದ, ಏಕೆಂದರೆ ಅರ್ಧ ತುಂಬಿದ ಮತ್ತು ಪೂರ್ಣ ತುಂಬಿದ ಉಪಕವಚಗಳು (3ಡಿ, 4ಎಸ್‌ನಂಥ ಆರ್ಬಿಟಲ್ ಗುಂಪುಗಳು) ಹೆಚ್ಚು ಸ್ಥಿರ ಎಂಬುದು ಎರಡನೆಯದು. ಪೆಟ್ಟಿಗೆಗಳಲ್ಲಿ ಬಾಣಗಳು ಮೊದಲು ಒಂಟಿಯಾಗಿ ಕೂರುವುದು ಅವು ಪರಸ್ಪರ ವಿಕರ್ಷಿಸುವುದರಿಂದ ಎಂಬುದು ಮೂರನೆಯದು. ಅಧ್ಯಾಪಕರು, ಗೈಡುಗಳು, ಸಿಇಟಿ ಮತ್ತು ನೀಟ್ ತರಬೇತಿಯ ಟಿಪ್ಪಣಿಗಳು ಇವನ್ನು ಪರಮಾಣುವಿನ ನಿಯಮಗಳೆಂದೇ ಹೇಳುತ್ತವೆ. ಮೂರೂ ಹೇಳಿದ ರೂಪದಲ್ಲಿ ತಪ್ಪು. ನೆನಪಿಗೆ ಆಸರೆಯಾಗಿ ಹುಟ್ಟಿದ ಒಂದು ಪಟವನ್ನು ಕಾರಣದ ಸ್ಥಾನದಲ್ಲಿ ಕೂರಿಸಿರುವುದೇ ಈ ತಪ್ಪಿನ ಬೇರು.

ಪಟದ ಹುಟ್ಟನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನೀಲ್ಸ್ ಬೋರ್ 1920ರ ದಶಕದ ಆರಂಭದಲ್ಲಿ ಒಂದೊಂದೇ ಎಲೆಕ್ಟ್ರಾನನ್ನು ಸೇರಿಸುತ್ತ ಪರಮಾಣುವನ್ನು ಕಟ್ಟುವ ಆಲೋಚನೆಯನ್ನು ಮುಂದಿಟ್ಟಾಗ ಅವರ ಕೈಯಲ್ಲಿದ್ದದ್ದು ಧಾತುಗಳ ರಾಸಾಯನಿಕ ಗುಣ ಮತ್ತು ರೋಹಿತದ ಗೆರೆಗಳು. 1924ರಲ್ಲಿ ಸ್ಟೋನರ್ ಉಪಕವಚಗಳ ಎಣಿಕೆಯನ್ನು ತಿದ್ದಿದರು. 1925ರಲ್ಲಿ ಪೌಲಿ ತಮ್ಮ ಬಹಿಷ್ಕಾರ ತತ್ತ್ವವನ್ನು ಹೇಳಿದರು. ಅದೇ ಕಾಲದಲ್ಲಿ ಹುಂಡ್ ರೋಹಿತಗಳಿಂದ ತಮ್ಮ ನಿಯಮಗಳನ್ನು ಹೆಕ್ಕಿದರು. ವಿನ್ಯಾಸಗಳೆಲ್ಲ ಹೀಗೆ ಪ್ರಯೋಗದಿಂದ ತಿಳಿದ ಮೇಲೆ, ಅವುಗಳನ್ನು ಸುಲಭವಾಗಿ ನೆನಪಿಡಲು ಎನ್ ಮತ್ತು ಎಲ್ ಎಂಬ ಎರಡು ಕ್ವಾಂಟಂ ಸಂಖ್ಯೆಗಳ ಮೊತ್ತವನ್ನು ನೋಡಿದರೆ ಸಾಕೆಂದು 1936ರಲ್ಲಿ ಎರ್ವಿನ್ ಮಾಡೆಲುಂಗ್ ಪ್ರಕಟಿಸಿದರು. ಓರೆ ಬಾಣಗಳ ಪಟ ಈ ನಿಯಮದ ಚಿತ್ರರೂಪ. ಅಂದರೆ ಆವರ್ತಕ ಕೋಷ್ಟಕದಿಂದ ಪಟ ಬಂದಿದೆ, ಪಟದಿಂದ ಕೋಷ್ಟಕ ಬಂದಿಲ್ಲ. ಈ ನಿಯಮವನ್ನು ಕ್ವಾಂಟಂ ಬಲವಿಜ್ಞಾನದ ಮೂಲ ಸಮೀಕರಣಗಳಿಂದ ಯಾರೂ ಸಾಧಿಸಿಲ್ಲವೆಂದು 1969ರಲ್ಲಿ ಸ್ವೀಡನ್ನಿನ ಪೆರ್-ಓಲೊವ್ ಲೋವ್ಡಿನ್ ಎತ್ತಿ ತೋರಿಸಿ, ಅದನ್ನು ಒಂದು ಸವಾಲಾಗಿಯೇ ಮುಂದಿಟ್ಟರು. ನಿಯಮದ ಮೂಲವೇ ಚರ್ಚೆಯಲ್ಲಿರುವಾಗ ಅದನ್ನು ಹದಿನಾರರ ಹರೆಯದವರಿಗೆ ಪ್ರಕೃತಿಯ ಕಾರಣವೆಂದು ಒಪ್ಪಿಸುವುದು ಸರಿಯಲ್ಲ.

ಪಿಯುಸಿಗೆ ನಿಗದಿಯಾಗಿರುವ ಎನ್‌ಸಿಇಆರ್‌ಟಿ ಪುಸ್ತಕ ಈ ವಿಷಯದಲ್ಲಿ ತರಗತಿಗಿಂತ ಎಚ್ಚರದಿಂದಿದೆ ಎಂಬುದನ್ನೂ ಹೇಳಬೇಕು. ಈ ಅನುಕ್ರಮ ಸ್ಥೂಲ ಮಾರ್ಗದರ್ಶಿ ಮಾತ್ರ, ಆರ್ಬಿಟಲ್‌ಗಳ ಶಕ್ತಿ ಹತ್ತಿರ ಹತ್ತಿರ ಇರುವಲ್ಲಿ ಕ್ರಮ ಬದಲಾಗಬಹುದು ಎಂಬ ಆಶಯದ ಮಾತು ಅದರಲ್ಲಿದೆ. ಆದರೆ ಪರೀಕ್ಷೆಗೆ ಬಾರದ ವಾಕ್ಯವನ್ನು ಯಾರೂ ಓದಿಸುವುದಿಲ್ಲ. ಪಟ ಉಳಿಯುತ್ತದೆ, ಅದರ ಪಕ್ಕದ ಎಚ್ಚರಿಕೆ ಅಳಿಯುತ್ತದೆ.

ಮೊದಲ ಮಾತನ್ನು ಪರೀಕ್ಷಿಸಲು 19 ಎಲೆಕ್ಟ್ರಾನುಗಳ ಒಂದು ಉದಾಹರಣೆ ಸಾಕು. ಪೊಟ್ಯಾಸಿಯಂ ಪರಮಾಣುವಿನಲ್ಲಿ 19 ಎಲೆಕ್ಟ್ರಾನುಗಳಿವೆ. ಕ್ಯಾಲ್ಸಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಅದರಲ್ಲೂ 19. ಸ್ಕ್ಯಾಂಡಿಯಂ ಎರಡನ್ನು ಕಳೆದುಕೊಂಡರೆ ಅಲ್ಲೂ 19. ಟೈಟಾನಿಯಂ ಮೂರನ್ನು ಕಳೆದುಕೊಂಡಾಗಲೂ ಅಷ್ಟೇ. ನಾಲ್ಕರಲ್ಲೂ ಮೊದಲ 18 ಎಲೆಕ್ಟ್ರಾನುಗಳು ಆರ್ಗಾನಿನಂತೆ ಕಟ್ಟಿಕೊಂಡಿವೆ, ಉಳಿದದ್ದು ಒಂದೇ ಒಂದು. ಓರೆ ಬಾಣದ ಪಟಕ್ಕೆ ಈ ನಾಲ್ಕರ ನಡುವೆ ವ್ಯತ್ಯಾಸವೇ ಗೊತ್ತಿಲ್ಲ. ನಾಲ್ಕಕ್ಕೂ ಅದು 4ಎಸ್ ಎಂದೇ ಉತ್ತರ ಕೊಡುತ್ತದೆ. ರೋಹಿತ ಬೇರೆಯದನ್ನೇ ಹೇಳುತ್ತದೆ. ಪೊಟ್ಯಾಸಿಯಂನಲ್ಲಿ ಆ ಒಂಟಿ ಎಲೆಕ್ಟ್ರಾನ್ 4ಎಸ್‌ನಲ್ಲಿದೆ, 3ಡಿ ಅದಕ್ಕಿಂತ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಕ್ಯಾಲ್ಸಿಯಂ ಅಯಾನಿನಲ್ಲೂ 4ಎಸ್ ಕೆಳಗೇ ಇದೆ, ಆದರೆ ಅಂತರ 1.7ಕ್ಕೆ ಇಳಿದಿದೆ. ಸ್ಕ್ಯಾಂಡಿಯಂ ಅಯಾನಿನಲ್ಲಿ ಕ್ರಮ ತಿರುಗಿಬಿದ್ದಿದೆ: ಎಲೆಕ್ಟ್ರಾನ್ ಇರುವುದು 3ಡಿಯಲ್ಲಿ, 4ಎಸ್ ಅದಕ್ಕಿಂತ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಮೇಲೆ. ಟೈಟಾನಿಯಂ ಅಯಾನಿನಲ್ಲಿ 4ಎಸ್ ಹತ್ತಿರ ಹತ್ತಿರ 10 ಎಲೆಕ್ಟ್ರಾನ್ ವೋಲ್ಟ್ ಮೇಲೆ ಹೋಗಿದೆ.

ಎಲೆಕ್ಟ್ರಾನುಗಳ ಸಂಖ್ಯೆ ಬದಲಾಗದೆ, ನ್ಯೂಕ್ಲಿಯಸ್ಸಿನ ಆವೇಶ ಮಾತ್ರ 19ರಿಂದ 22ಕ್ಕೆ ಏರಿದ್ದರಿಂದ ಇಷ್ಟೆಲ್ಲ ಆಗಿದೆ. 4ಎಸ್ ದೂರದವರೆಗೆ ಹರಡಿರುವ ಆರ್ಬಿಟಲ್. ಆದರೂ ಅದರ ಒಂದು ಸಣ್ಣ ಪಾಲು ಒಳಗಿನ ಎಲೆಕ್ಟ್ರಾನುಗಳ ಮರೆಯನ್ನು ದಾಟಿ ನ್ಯೂಕ್ಲಿಯಸ್ಸಿನ ಹತ್ತಿರಕ್ಕೂ ತಲುಪುತ್ತದೆ. ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂನಲ್ಲಿ ಈ ಒಳಹೊಕ್ಕುವಿಕೆಯಿಂದಲೇ 4ಎಸ್ ಗೆಲ್ಲುತ್ತದೆ. ಆವೇಶ ಹೆಚ್ಚಿದಂತೆ 3ಡಿ ಕುಗ್ಗಿ ಒಳಗೆ ಸರಿಯುತ್ತದೆ, ಅದರ ಶಕ್ತಿ ಧಡಕ್ಕನೆ ಇಳಿಯುತ್ತದೆ. ಸ್ಕ್ಯಾಂಡಿಯಂನಿಂದ ಮುಂದಕ್ಕೆ 3ಡಿ ಕೆಳಗೆ, 4ಎಸ್ ಮೇಲೆ. ಆರ್ಬಿಟಲ್‌ಗಳ ಶಕ್ತಿಯ ಕ್ರಮ ಎಲ್ಲ ಧಾತುಗಳಿಗೂ ಅನ್ವಯಿಸುವ ಒಂದು ಸ್ಥಿರ ಪಟ್ಟಿಯಲ್ಲ. ಅದು ಆಯಾ ನ್ಯೂಕ್ಲಿಯಸ್ಸನ್ನೂ ಆಯಾ ಎಲೆಕ್ಟ್ರಾನ್ ಸಂಖ್ಯೆಯನ್ನೂ ಅವಲಂಬಿಸಿದೆ. ಈ ವಿಷಯ ಹೊಸದೂ ಅಲ್ಲ. ಸಂಕ್ರಮಣ ಧಾತುಗಳ 4ಎಸ್ ಯಾವಾಗಲೂ 3ಡಿಗಿಂತ ಮೇಲಿದೆ ಎಂದು ಫ್ರಾಂಕ್ ಪಿಲಾರ್ 1978ರಲ್ಲೇ ರಸಾಯನಶಾಸ್ತ್ರ ಬೋಧನೆಯ ಪತ್ರಿಕೆಯಲ್ಲಿ ವಾದಿಸಿದ್ದರು. ಎರಿಕ್ ಸ್ಕೆರಿ, ಯೂಜೆನ್ ಶ್ವಾರ್ಟ್ಸ್ ಮುಂತಾದವರು ಆಮೇಲೆ ಇದನ್ನೇ ಮತ್ತೆ ಮತ್ತೆ ಬಿಡಿಸಿ ಬರೆದಿದ್ದಾರೆ.

ಹಾಗಿದ್ದರೆ ಸ್ಕ್ಯಾಂಡಿಯಂ ಪರಮಾಣುವಿನ ವಿನ್ಯಾಸ 3ಡಿ¹ 4ಎಸ್² ಏಕೆ, 3ಡಿ³ ಏಕಲ್ಲ ಎಂಬ ಪ್ರಶ್ನೆ ಏಳುತ್ತದೆ. ಸ್ಕ್ಯಾಂಡಿಯಂ ನ್ಯೂಕ್ಲಿಯಸ್ಸಿಗೆ 18 ಎಲೆಕ್ಟ್ರಾನುಗಳನ್ನು ಕೊಟ್ಟು, ಮುಂದಿನ ಮೂರನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಉತ್ತರ ಸಿಗುತ್ತದೆ. ಮೊದಲನೆಯದು 3ಡಿಗೆ ಹೋಗುತ್ತದೆ. ಎರಡನೆಯದೂ 3ಡಿಗೆ ಹೋದರೆ, ಆ ಚಿಕ್ಕ ಜಾಗದಲ್ಲಿ ಎರಡು ಎಲೆಕ್ಟ್ರಾನುಗಳ ನಡುವೆ ವಿಕರ್ಷಣೆ ಬಲವಾಗುತ್ತದೆ. ಅದರ ಬದಲು ದೂರ ಹರಡಿದ 4ಎಸ್‌ಗೆ ಹೋದರೆ ಒಟ್ಟು ಲೆಕ್ಕದಲ್ಲಿ ಸುಮಾರು 0.6 ಎಲೆಕ್ಟ್ರಾನ್ ವೋಲ್ಟ್ ಉಳಿಯುತ್ತದೆ. ಮೂರನೆಯದಕ್ಕೂ ಇದೇ ಕಾರಣ. ಅದು 4ಎಸ್‌ಗೇ ಹೋದಾಗ ಉಳಿತಾಯ 1.4 ಎಲೆಕ್ಟ್ರಾನ್ ವೋಲ್ಟ್. 4ಎಸ್‌ನಲ್ಲಿ ಎಲೆಕ್ಟ್ರಾನುಗಳಿರುವುದು ಅದರ ಶಕ್ತಿ ಕಡಿಮೆ ಎಂದಲ್ಲ, ಇಡೀ ಪರಮಾಣುವಿನ ಒಟ್ಟು ಶಕ್ತಿ ಹಾಗೆ ಕಡಿಮೆಯಾಗುತ್ತದೆ ಎಂದು. ತರಗತಿಯ ಪಾಠದಲ್ಲಿ ಕಾಣೆಯಾಗಿರುವುದು ಒಟ್ಟು ಶಕ್ತಿ ಎಂಬ ಈ ಒಂದು ಮಾತು. ಬಿಡಿ ಆರ್ಬಿಟಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತ ಹೋಗುವುದೇ ಪ್ರಕೃತಿಯ ಕೆಲಸವೆಂದು ನಂಬಿದ ವಿದ್ಯಾರ್ಥಿಗೆ ಆ ಮಾತು ಮುಂದೆಂದೂ ಸುಲಭವಾಗಿ ಹತ್ತುವುದಿಲ್ಲ.

ಅದರ ಬೆಲೆಯನ್ನು ವಿದ್ಯಾರ್ಥಿಗಳು ಮುಂದಿನ ವರ್ಷವೇ ತೆರುತ್ತಾರೆ. ಕಬ್ಬಿಣದ ವಿನ್ಯಾಸ 3ಡಿ⁶ 4ಎಸ್². ಎರಡು ಎಲೆಕ್ಟ್ರಾನ್ ಹೋದರೆ ಉಳಿಯುವುದು 3ಡಿ⁶. ಕೊನೆಗೆ ತುಂಬಿದ್ದು 3ಡಿ ಎಂದ ಮೇಲೆ ಮೊದಲು ಹೋಗುವುದೂ ಅದೇ ಆಗಬೇಕಲ್ಲ ಎಂದು ಕೇಳುವ ಹುಡುಗಿಯ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಇನ್ನೊಂದು ನಿಯಮ: ತುಂಬುವಾಗ 4ಎಸ್ ಮೊದಲು, ತೆಗೆಯುವಾಗಲೂ 4ಎಸ್ ಮೊದಲು. ಕಾರಣ ಕೇಳಿದವಳಿಗೆ ಬಾಯಿಪಾಠಕ್ಕೆ ಮತ್ತೊಂದು ಸಾಲು ಸಿಕ್ಕಿತು. 4ಎಸ್ ಮೇಲಿದೆ ಎಂಬ ನಿಜವನ್ನು ಮೊದಲೇ ಹೇಳಿದ್ದರೆ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ. ಸತುವಿನಲ್ಲಿ ಒಂದು 4ಎಸ್ ಎಲೆಕ್ಟ್ರಾನನ್ನು ಕೀಳಲು 9.4 ಎಲೆಕ್ಟ್ರಾನ್ ವೋಲ್ಟ್ ಸಾಕು; 3ಡಿಯಿಂದ ಕೀಳಲು ಸುಮಾರು 17 ಬೇಕು. ವೆನೇಡಿಯಂನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಪರಮಾಣು 3ಡಿ³ 4ಎಸ್². ಒಂದು ಎಲೆಕ್ಟ್ರಾನ್ ಕಳೆದುಕೊಂಡಾಗ ಉಳಿಯುವ ಅಯಾನು 3ಡಿ³ 4ಎಸ್¹ ಅಲ್ಲ, 3ಡಿ⁴. ಒಂದು ಎಲೆಕ್ಟ್ರಾನ್ ಹೊರಟಿದ್ದೇ ತಡ, ಉಳಿದ 4ಎಸ್ ಎಲೆಕ್ಟ್ರಾನ್ ಒಳಕ್ಕೆ ಸರಿದಿದೆ. ಕೋಬಾಲ್ಟ್ ಮತ್ತು ನಿಕ್ಕಲ್ ಅಯಾನುಗಳಲ್ಲೂ ಹೀಗೇ ಆಗುತ್ತದೆ. ಯಾವ ದಿಕ್ಕಿಗೆ ಓದಿದರೂ ಓರೆ ಬಾಣ ಇದನ್ನು ಹೇಳಲಾರದು.

ಎರಡನೆಯ ಮಾತಿನ ಪರೀಕ್ಷೆಗೆ ಕ್ರೋಮಿಯಂಗಿಂತ ತಕ್ಕ ಧಾತು ಇಲ್ಲ, ಮೈಸೂರು ಜಿಲ್ಲೆಯ ತೆಂಕಣ ಸೀಮೆಗಿಂತ ತಕ್ಕ ಜಾಗವೂ ಇಲ್ಲ. ಹೆಗ್ಗಡದೇವನಕೋಟೆ ಕಡೆಯ ಎನ್. ಬೇಗೂರು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಹೆಸರು ಕೊಟ್ಟಿರುವ ಕಾಡಂಚಿನ ಊರು. ಅದೇ ಸೀಮೆಯ ಸರಗೂರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿದೆ. ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಒಂದು ಗುಂಪನ್ನು, 300 ಕೋಟಿ ವರ್ಷಕ್ಕೂ ಹಿಂದಿನದನ್ನು, ಸರಗೂರು ಸಮೂಹವೆಂದೇ ಕರೆಯುತ್ತಾರೆ. ಆ ಸಮೂಹದ ಕಪ್ಪು ಶಿಲೆಗಳಲ್ಲಿ ಕ್ರೋಮೈಟ್ ಅದಿರು ಸೇರಿಕೊಂಡಿದೆ. ಮೈಸೂರಿನ ಹತ್ತಿರದ ಸಿಂಧುವಳ್ಳಿಯಲ್ಲೂ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಅದನ್ನು ತೋಡಿ ತೆಗೆದಿದ್ದಾರೆ. ಪಿಯುಸಿ ಪರೀಕ್ಷೆಯಲ್ಲಿ ಪದೇ ಪದೇ ಕೇಳುವ 24ನೆಯ ಧಾತು ಆ ಸೀಮೆಯ ಮಕ್ಕಳ ನೆಲದಲ್ಲೇ ಇದೆ.

ಪರೀಕ್ಷೆಯ ಉತ್ತರ ಹೀಗೆ: ಕ್ರೋಮಿಯಂ 3ಡಿ⁴ 4ಎಸ್² ಆಗಬೇಕಿತ್ತು, ಆದರೆ ಅರ್ಧ ತುಂಬಿದ ಡಿ ಉಪಕವಚ ಹೆಚ್ಚು ಸ್ಥಿರವಾದ್ದರಿಂದ 3ಡಿ⁵ 4ಎಸ್¹ ಆಗಿದೆ. ವಿನ್ಯಾಸ ಸರಿ, ಕಾರಣ ನಿಲ್ಲುವುದಿಲ್ಲ. ಡಿ⁵ಗೆ ಅಂಥ ವಿಶೇಷ ಸ್ಥಿರತೆ ಇದ್ದಿದ್ದರೆ ಕ್ರೋಮಿಯಂ ತನ್ನ ಒಂದು 4ಎಸ್ ಎಲೆಕ್ಟ್ರಾನನ್ನು ಮಾತ್ರ ಬಿಟ್ಟು, 3ಡಿ⁵ ಅಯಾನಾಗಿ ಕಲ್ಲಿನಲ್ಲಿ ಕೂರಬೇಕಿತ್ತು. ಕ್ರೋಮೈಟಿನಲ್ಲಿ ಅದು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡು 3ಡಿ³ ಆಗಿ ಇದೆ. ಮಾಣಿಕ್ಯಕ್ಕೆ ಕೆಂಪು ಬಣ್ಣ ಕೊಡುವುದೂ ಕುರುಂದದೊಳಗೆ ಸೇರಿದ ಇದೇ 3ಡಿ³ ಕ್ರೋಮಿಯಂ. ಒಟ್ಟು ಶಕ್ತಿಯ ಲೆಕ್ಕ ಕಲ್ಲಿನೊಳಗೆ ಬೇರೆ, ಒಂಟಿ ಪರಮಾಣುವಿನಲ್ಲಿ ಬೇರೆ.

ತಾಮ್ರದ ಸಾಕ್ಷ್ಯ ಇನ್ನೂ ಹತ್ತಿರದ್ದು. ಪರಮಾಣುವಿನಲ್ಲಿ ಅದು 3ಡಿ¹⁰ 4ಎಸ್¹. ಪೂರ್ಣ ತುಂಬಿದ ಡಿ ಉಪಕವಚದ ಸ್ಥಿರತೆಯಿಂದ ಎಂದು ಹೇಳಿಸುತ್ತಾರೆ. ಅಡಿಕೆ, ಕಾಫಿ ತೋಟಗಳಲ್ಲಿ ಬೋರ್ಡೋ ದ್ರಾವಣ ಮಾಡಲು ಸುಣ್ಣದ ಜೊತೆ ಬೆರೆಸುವ ಮೈಲುತುತ್ತದಲ್ಲಿ ತಾಮ್ರ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ 3ಡಿ⁹ ಅಯಾನು. ಪೂರ್ಣ ತುಂಬಿದ 3ಡಿ¹⁰ ಅಯಾನು ನೀರಿನಲ್ಲಿ ನಿಲ್ಲುವುದೇ ಇಲ್ಲ. ಅರ್ಧ ಲೋಹವಾಗಿ, ಅರ್ಧ 3ಡಿ⁹ ಆಗಿ ಒಡೆದುಹೋಗುತ್ತದೆ. ಅತಿ ಸ್ಥಿರವೆಂದು ಪಾಠ ಹೇಳುವ ರೂಪ ನೀರಿನಲ್ಲಿ ಬಾಳದ್ದು, ಅಪೂರ್ಣವೆಂದು ಪಾಠ ಹೇಳುವ ರೂಪ ಡ್ರಮ್ಮಿನಲ್ಲಿ ನೀಲಿಯಾಗಿ ಕಣ್ಣಿಗೆ ಕಾಣುವಂಥದ್ದು.

ಕೋಷ್ಟಕದಲ್ಲಿ ಒಂದು ಸಾಲು ಕೆಳಗಿಳಿದರೆ ಈ ವಿವರಣೆ ಪೂರ್ತಿ ಕುಸಿಯುತ್ತದೆ. ಇಟ್ರಿಯಂನಿಂದ ಕ್ಯಾಡ್ಮಿಯಂವರೆಗೆ ಹತ್ತು ಧಾತುಗಳು. ಅವುಗಳಲ್ಲಿ ನಿಯೋಬಿಯಂ 4ಡಿ⁴ 5ಎಸ್¹, ಮಾಲಿಬ್ಡಿನಂ 4ಡಿ⁵ 5ಎಸ್¹, ರುಥೇನಿಯಂ 4ಡಿ⁷ 5ಎಸ್¹, ರೋಡಿಯಂ 4ಡಿ⁸ 5ಎಸ್¹, ಪಲ್ಲಾಡಿಯಂ 5ಎಸ್ ಪೂರ್ತಿ ಖಾಲಿಯಾಗಿ 4ಡಿ¹⁰, ಬೆಳ್ಳಿ 4ಡಿ¹⁰ 5ಎಸ್¹. ಹತ್ತರಲ್ಲಿ ಆರು ಓರೆ ಬಾಣವನ್ನು ಮೀರಿವೆ. ನಿಯೋಬಿಯಂ, ರುಥೇನಿಯಂ, ರೋಡಿಯಂ ಅರ್ಧವನ್ನೂ ಮುಟ್ಟಿಲ್ಲ, ಪೂರ್ಣವನ್ನೂ ಮುಟ್ಟಿಲ್ಲ. ಅರ್ಧಕ್ಕಿಂತ ಹೆಚ್ಚು ಧಾತುಗಳು ಮೀರುವ ನಿಯಮದಲ್ಲಿ ಮೀರಿದವನ್ನು ಅಪವಾದ ಎನ್ನುವುದಕ್ಕೆ ಅರ್ಥವಿಲ್ಲ. ಈ ವಿನ್ಯಾಸಗಳೆಲ್ಲ ದ್ವಿತೀಯ ಪಿಯುಸಿ ಪುಸ್ತಕದ ಕೋಷ್ಟಕದಲ್ಲೇ ಅಚ್ಚಾಗಿವೆ. ಕ್ರೋಮಿಯಂ, ತಾಮ್ರ ಎರಡನ್ನೇ ಆರಿಸಿ ಪ್ರಶ್ನೆ ಕೇಳುವುದರಿಂದ ಉಳಿದವು ಇದ್ದೂ ಇಲ್ಲದಂತಾಗಿವೆ.

ಇನ್ನೂ ಒಂದು ಸಾಲು ಕೆಳಗೆ, ಕ್ರೋಮಿಯಂನದೇ ಗುಂಪಿನಲ್ಲಿ, ಟಂಗ್‌ಸ್ಟನ್ ಇದೆ. ಅರ್ಧ ತುಂಬಿದ ಉಪಕವಚಕ್ಕೆ ಸಿಗುವ ಲಾಭ ಅದಕ್ಕೂ ಸಿಗಬೇಕು. ಅದರ ವಿನ್ಯಾಸ 5ಡಿ⁴ 6ಎಸ್². 5ಡಿ⁵ 6ಎಸ್¹ ಸ್ಥಿತಿ ಅದರಲ್ಲಿ ಸುಮಾರು 0.37 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಕ್ರೋಮಿಯಂನಲ್ಲಿ ಇದಕ್ಕೆ ವಿರುದ್ಧವಾಗಿ ಡಿ⁴ ಎಸ್² ಸ್ಥಿತಿ ಸುಮಾರು 0.96 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಒಂದೇ ಕಾರಣ ಒಂದೇ ಗುಂಪಿನಲ್ಲಿ ಮೇಲೆ ಫಲಿಸಿ ಕೆಳಗೆ ಫಲಿಸದಿದ್ದರೆ, ಬೇರೆ ಕಾರಣಗಳೂ ಜೊತೆಗಿವೆ ಎಂದೇ ಅರ್ಥ. ಆ ಕಾರಣಗಳು ಗೊತ್ತಿರುವಂಥವೇ. 4ಡಿ ಆರ್ಬಿಟಲ್‌ಗಳು 3ಡಿಗಿಂತ ಹರಡಿಕೊಂಡಿರುವುದರಿಂದ ಒಳಗೆ ವಿಕರ್ಷಣೆ ಕಡಿಮೆ, ಆದ್ದರಿಂದ ಇಟ್ರಿಯಂನ ಸಾಲಿನಲ್ಲಿ ಎಸ್‌ನಿಂದ ಡಿಗೆ ಎಲೆಕ್ಟ್ರಾನ್ ಸರಿಯುವುದು ಸುಲಭ. ಟಂಗ್‌ಸ್ಟನ್ನಿನ ಸಾಲಿನಲ್ಲಿ ನ್ಯೂಕ್ಲಿಯಸ್ಸಿನ ಆವೇಶ 70ನ್ನು ದಾಟಿದೆ; ಅದರ ಹತ್ತಿರ ಸುಳಿಯುವ ಎಸ್ ಎಲೆಕ್ಟ್ರಾನುಗಳ ವೇಗ ಎಷ್ಟು ಹೆಚ್ಚೆಂದರೆ ಐನ್‌ಸ್ಟೈನರ ಸಾಪೇಕ್ಷತೆಯ ಪರಿಣಾಮದಿಂದ 6ಎಸ್ ಕುಗ್ಗಿ ಕೆಳಗಿಳಿಯುತ್ತದೆ, ಎಸ್² ಗಟ್ಟಿಯಾಗುತ್ತದೆ. 5ಡಿ ಮತ್ತು 6ಎಸ್‌ಗಳ ಅಂತರ ಹೀಗೆ ಕಿರಿದಾದದ್ದರಿಂದಲೇ ಚಿನ್ನ ನೀಲಿ ಬೆಳಕನ್ನು ಹೀರಿ ಹಳದಿಯಾಗಿ ಕಾಣುತ್ತದೆ. ಕೋಲಾರದಲ್ಲಿ 2001ರವರೆಗೆ ತೆಗೆದ, ಹಟ್ಟಿಯಲ್ಲಿ ಈಗಲೂ ತೆಗೆಯುತ್ತಿರುವ ಚಿನ್ನದ ಬಣ್ಣ ಆರ್ಬಿಟಲ್ ಶಕ್ತಿಗಳ ಈ ಏರುಪೇರಿನ ಫಲ. ಪರಮಾಣು ರಚನೆಯ ಪಾಠದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಸಿಗುವುದು ಕಷ್ಟ. ಓರೆ ಬಾಣ ಅದನ್ನು ಮುಚ್ಚಿಡುತ್ತದೆ.

ಅರ್ಧ ತುಂಬಿದ ಉಪಕವಚದ ಮಾತಿನಲ್ಲಿ ಸತ್ಯದ ಒಂದು ಅಂಶವಿದೆ. ಒಂದೇ ದಿಕ್ಕಿನ ಸ್ಪಿನ್ (ಪೆಟ್ಟಿಗೆಯ ಚಿತ್ರದಲ್ಲಿ ಬಾಣದ ದಿಕ್ಕು) ಇರುವ ಎಲೆಕ್ಟ್ರಾನುಗಳ ಜೋಡಿಗಳು ಹೆಚ್ಚಿದಂತೆ ವಿನಿಮಯ ಶಕ್ತಿ ಎಂಬ ಲಾಭ ಹೆಚ್ಚುತ್ತದೆ. ಮ್ಯಾಂಗನೀಸಿನಿಂದ ಮೂರನೆಯ ಎಲೆಕ್ಟ್ರಾನ್ ಕೀಳಲು 33.7 ಎಲೆಕ್ಟ್ರಾನ್ ವೋಲ್ಟ್ ಬೇಕು, ಪಕ್ಕದ ಕಬ್ಬಿಣಕ್ಕೆ 30.7 ಸಾಕು; ಡಿ⁵ನ್ನು ಒಡೆಯುವ ಕಷ್ಟ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಆದರೆ ಈ ಲಾಭ ಒಟ್ಟು ಲೆಕ್ಕದ ಒಂದು ಬಾಬ್ತು ಮಾತ್ರ. ವೆನೇಡಿಯಂ ಪರಮಾಣುವಿನಲ್ಲಿ ಒಂದು ಎಲೆಕ್ಟ್ರಾನ್ 4ಎಸ್‌ನಿಂದ 3ಡಿಗೆ ಸರಿದರೂ ವಿನಿಮಯ ಶಕ್ತಿಯ ಲಾಭ ಇದ್ದೇ ಇದೆ, ಆದರೂ ಅದು ಸರಿಯುವುದಿಲ್ಲ. ನಿಯೋಬಿಯಂನಲ್ಲಿ ಸರಿಯುತ್ತದೆ. ಒಂದು ಬಾಬ್ತನ್ನೇ ಇಡೀ ಲೆಕ್ಕವೆಂದು ಬರೆದುಕೊಟ್ಟರೆ ಅದು ವಿಜ್ಞಾನದ ಉತ್ತರವಲ್ಲ.

ನಿಕ್ಕಲ್ ಈ ಪಾಠದ ಇನ್ನೊಂದು ಭದ್ರ ನಂಬಿಕೆಯನ್ನೂ ಅಲುಗಿಸುತ್ತದೆ. 3ಡಿ⁸ 4ಎಸ್² ಎಂದು ಪುಸ್ತಕಗಳಲ್ಲಿದೆ, ಅತಿ ಕೆಳಗಿನ ಮಟ್ಟ ಅದರದ್ದೇ. ಆದರೆ 3ಡಿ⁹ 4ಎಸ್¹ನ ಮಟ್ಟ ಅದಕ್ಕಿಂತ ಕೇವಲ 0.025 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಎರಡೂ ವಿನ್ಯಾಸಗಳ ಹತ್ತಿರದ ಮಟ್ಟಗಳ ಸರಾಸರಿ ತೆಗೆದರೆ 3ಡಿ⁹ 4ಎಸ್¹ ಕೆಳಗೆ ಬರುತ್ತದೆ. ಒಂದು ಧಾತುವಿಗೆ ಒಂದೇ ವಿನ್ಯಾಸ, ಅದು ಕಲ್ಲಿನಲ್ಲಿ ಕೆತ್ತಿದ್ದು ಎಂಬ ಭಾವನೆಯೇ ಇಲ್ಲಿ ಸಡಿಲವಾಗುತ್ತದೆ.

ಮೂರನೆಯ ಮಾತು ಪೆಟ್ಟಿಗೆ ಮತ್ತು ಬಾಣಗಳದ್ದು. ಖಾಲಿ ಬಸ್ಸಿನಲ್ಲಿ ಮೊದಲು ಒಬ್ಬೊಬ್ಬರೇ ಒಂದೊಂದು ಸೀಟಿನಲ್ಲಿ ಕೂತು, ಸೀಟು ಮುಗಿದ ಮೇಲೆ ಜೊತೆ ಕೂರುವ ಹೋಲಿಕೆ ಎಲ್ಲ ತರಗತಿಗಳಲ್ಲೂ ಕೇಳಿಬರುತ್ತದೆ. ಹುಂಡ್ ನಿಯಮದ ಫಲಿತ ಅದರಿಂದ ನೆನಪಿರುತ್ತದೆ, ಸರಿ. ಆದರೆ ಸಮಾನ ಸ್ಪಿನ್‌ನ ಎಲೆಕ್ಟ್ರಾನುಗಳು ದೂರ ದೂರ ಇರುವುದರಿಂದ ವಿಕರ್ಷಣೆ ಕಡಿಮೆಯಾಗಿ ಶಕ್ತಿ ಇಳಿಯುತ್ತದೆ ಎಂಬ ವಿವರಣೆ ನಿಖರ ಲೆಕ್ಕದ ಮುಂದೆ ನಿಲ್ಲಲಿಲ್ಲ. ಹೀಲಿಯಂನ ಉದ್ರಿಕ್ತ ಸ್ಥಿತಿಗಳನ್ನು 1960ರ ದಶಕದಲ್ಲಿ ಅರ್ನೆಸ್ಟ್ ಡೇವಿಡ್ಸನ್ ಲೆಕ್ಕ ಹಾಕಿದಾಗ, ಕೆಳಗಿರುವ ಸಮಾನ ಸ್ಪಿನ್‌ನ ಸ್ಥಿತಿಯಲ್ಲೇ ಎಲೆಕ್ಟ್ರಾನುಗಳ ನಡುವಿನ ವಿಕರ್ಷಣೆ ಹೆಚ್ಚೆಂದು ಕಂಡಿತು. ಆ ಸ್ಥಿತಿಯಲ್ಲಿ ಒಂದು ಎಲೆಕ್ಟ್ರಾನ್ ಇನ್ನೊಂದಕ್ಕೆ ನ್ಯೂಕ್ಲಿಯಸ್ಸನ್ನು ಕಡಿಮೆ ಮರೆಮಾಡುತ್ತದೆ, ಎರಡೂ ನ್ಯೂಕ್ಲಿಯಸ್ಸಿಗೆ ಹತ್ತಿರ ಸರಿಯುತ್ತವೆ. ಆಕರ್ಷಣೆಯ ಲಾಭ ವಿಕರ್ಷಣೆಯ ನಷ್ಟವನ್ನು ಮೀರುತ್ತದೆ.

ಪೆಟ್ಟಿಗೆಗಳ ಚಿತ್ರ ಎಷ್ಟನ್ನು ಹೇಳಬಲ್ಲದು ಎಂಬುದಕ್ಕೂ ಮಿತಿಯಿದೆ. ಕಾರ್ಬನ್ನಿನ ಎರಡು 2ಪಿ ಎಲೆಕ್ಟ್ರಾನುಗಳನ್ನು ಮೂರು ಪೆಟ್ಟಿಗೆಗಳಲ್ಲಿ 15 ಬಗೆಯಲ್ಲಿ ಇಡಬಹುದು. ರೋಹಿತದಲ್ಲಿ ಈ 15 ಸ್ಥಿತಿಗಳು 9, 5, 1 ಎಂದು ಮೂರು ಗುಂಪಾಗುತ್ತವೆ. ಎರಡನೆಯ ಗುಂಪು ಮೊದಲಿನದಕ್ಕಿಂತ ಸುಮಾರು 1.3, ಮೂರನೆಯದು 2.7 ಎಲೆಕ್ಟ್ರಾನ್ ವೋಲ್ಟ್ ಮೇಲೆ. ಎರಡು ಬಾಣಗಳೂ ಮೇಲ್ಮುಖವಾಗಿರುವುದು ಮತ್ತು ಎರಡೂ ಕೆಳಮುಖವಾಗಿರುವುದು ಒಂದೇ ಶಕ್ತಿಯವು. ಎಡದ ಎರಡು ಪೆಟ್ಟಿಗೆ ತುಂಬಿದರೂ ಬಲದ ಎರಡು ತುಂಬಿದರೂ ಅಷ್ಟೇ, ಏಕೆಂದರೆ ಪೆಟ್ಟಿಗೆಗಳಿಗೆ ಕೊಡುವ ಎಕ್ಸ್, ವೈ, ಝಡ್ ಎಂಬ ಹೆಸರುಗಳು ಬರೆಯುವವರು ಆರಿಸಿಕೊಂಡ ಅಕ್ಷಗಳವು. ಬೇರೆ ಬೇರೆ ಪೆಟ್ಟಿಗೆಯಲ್ಲಿ ಒಂದು ಮೇಲ್ಮುಖ, ಒಂದು ಕೆಳಮುಖ ಬಾಣ ಹಾಕಿದ ಚಿತ್ರವಂತೂ ಒಂದು ನಿಶ್ಚಿತ ಸ್ಥಿತಿಯದ್ದೇ ಅಲ್ಲ. ಕೆಳಗಿನ ಮತ್ತು ಮೇಲಿನ ಸ್ಥಿತಿಗಳ ಮಿಶ್ರಣ ಅದು. ಎಡಗಡೆಯಿಂದಲೇ ತುಂಬಬೇಕು, ಬಾಣ ಮೇಲಕ್ಕೇ ಇರಬೇಕು ಎಂದು ಒತ್ತಾಯಿಸಿ, ಬೇರೆ ರೀತಿ ಬರೆದವರ ಅಂಕ ಕಳೆಯುವುದು ಸರಿಯಾದ ಉತ್ತರಕ್ಕೆ ಕೊಡುವ ಶಿಕ್ಷೆ.

ಇದಲ್ಲದೆ, ಒಂಟಿ ಪರಮಾಣುವಿನ ಪೆಟ್ಟಿಗೆಗಳು ಘನವಸ್ತುವಿನೊಳಗೆ ಹಾಗೆಯೇ ಇರುವುದಿಲ್ಲ. ಬೆಂಗಳೂರಿನ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ ಲ್ಯಾಂಥನಂ ಕೋಬಾಲ್ಟ್ ಆಕ್ಸೈಡಿನಲ್ಲಿ ಕೋಬಾಲ್ಟಿಗೆ ಆರು ಡಿ ಎಲೆಕ್ಟ್ರಾನುಗಳಿವೆ. ಕಡಿಮೆ ತಾಪದಲ್ಲಿ ಅವು ಮೂರು ಪೆಟ್ಟಿಗೆಗಳಲ್ಲಿ ಜೋಡಿಯಾಗಿ ಕೂತು ಉಳಿದೆರಡನ್ನು ಖಾಲಿ ಬಿಡುತ್ತವೆ. ತಾಪ ಏರಿದಂತೆ ಜೋಡಿಗಳು ಬಿಡುತ್ತವೆ. ಸುತ್ತಲಿನ ಆಮ್ಲಜನಕ ಐದು ಡಿ ಆರ್ಬಿಟಲ್‌ಗಳ ಸಮಾನತೆಯನ್ನು ಮುರಿದಿರುವುದೇ ಇದಕ್ಕೆ ಕಾರಣ. ಒಟ್ಟು ಶಕ್ತಿಯನ್ನು ನೋಡಲು ಕಲಿತವರಿಗೆ ಇದು ಸಹಜವಾದ ಮುಂದಿನ ಹೆಜ್ಜೆ. ಬಸ್ಸಿನ ಸೀಟನ್ನು ನಿಯಮವೆಂದು ಕಲಿತವರಿಗೆ ಇದು ಇನ್ನೊಂದು ಅಪವಾದ.

ಈ ಪದ್ಧತಿಯನ್ನು ಸಮರ್ಥಿಸುವವರ ಮುಖ್ಯ ವಾದ, ಪಟ ಸುಲಭ ಮತ್ತು 118 ಧಾತುಗಳಲ್ಲಿ ಸುಮಾರು 20ನ್ನು ಬಿಟ್ಟು ಉಳಿದವಕ್ಕೆ ಸರಿಯಾದ ಉತ್ತರ ಕೊಡುತ್ತದೆ ಎಂಬುದು. ಎಣಿಕೆ ನಿಜ. ಆದರೆ ಅಷ್ಟೇ ಸರಿಯಾದ ಉತ್ತರವನ್ನು ಆವರ್ತಕ ಕೋಷ್ಟಕ ತಾನೇ ಕೊಡುತ್ತದೆ. ಎಡದ ಎರಡು ಕಂಬಸಾಲು ಎಸ್, ಬಲದ ಆರು ಪಿ, ನಡುವಿನ ಹತ್ತು ಡಿ, ಕೆಳಗೆ ಬೇರೆ ಇಟ್ಟ ಹದಿನಾಲ್ಕು ಎಫ್. ಹಿಂದಿನ ಜಡಾನಿಲದಿಂದ ಹೊರಟು ಎಡದಿಂದ ಬಲಕ್ಕೆ ಎಣಿಸಿದರೆ ವಿನ್ಯಾಸ ಸಿಗುತ್ತದೆ. ತರಗತಿಯ ಗೋಡೆಯ ಮೇಲೆ ಕೋಷ್ಟಕ ತೂಗುಹಾಕಿಯೇ ಇರುತ್ತದೆ. ಧಾತುಗಳ ಗುಣಗಳನ್ನು ಆಧರಿಸಿ ಕಟ್ಟಿದ ಆ ಕೋಷ್ಟಕವನ್ನು ಓದುವುದು ಪ್ರಯೋಗದ ಫಲವನ್ನು ಓದಿದಂತೆ, ಅದರಲ್ಲಿ ಸುಳ್ಳು ಕಾರಣ ಸೇರಿಕೊಳ್ಳುವುದಿಲ್ಲ.

ಇನ್ನೊಂದು ವಾದ ಹೆಚ್ಚು ನೋವಿನದ್ದು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪುಸ್ತಕವೇ ಭಾರ, ಅವರಿಗೆ ನಿಯಮ ಕೊಟ್ಟರೆ ಸಾಕು, ಕಾರಣ ಬೇಡ ಎಂಬುದು. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಎನ್. ಬೇಗೂರಿನಂಥ ಊರಿನಿಂದ ಸರಗೂರಿಗೋ ಹೆಗ್ಗಡದೇವನಕೋಟೆಗೋ ಮೈಸೂರಿಗೋ ಪಿಯುಸಿ ಓದಲು ಹೋಗುವವರು ಒಂಬತ್ತನೆಯ ತರಗತಿಯಲ್ಲಿ ಕನ್ನಡದಲ್ಲೇ ಕೆ, ಎಲ್, ಎಂ ಕವಚಗಳನ್ನು ಕಲಿತಿರುತ್ತಾರೆ. ಎಂ ಕವಚದಲ್ಲಿ 18 ಎಲೆಕ್ಟ್ರಾನುಗಳಿಗೆ ಜಾಗವಿದ್ದರೂ ಕ್ಯಾಲ್ಸಿಯಂ 2, 8, 8, 2 ಆಗುವುದೇಕೆ ಎಂಬ ಪ್ರಶ್ನೆ ಆಗಲೇ ಅವರ ಮುಂದಿದೆ. ಭಾಷೆ ಬದಲಾಗುವ ಹೊತ್ತಿನಲ್ಲಿ ಅವರ ಕೈಹಿಡಿಯುವುದು ಕಾರಣವೇ ಹೊರತು ಬಾಯಿಪಾಠವಲ್ಲ. ಕಾರಣ ತಿಳಿದವರು ಅದನ್ನು ಯಾವ ಭಾಷೆಯಲ್ಲಾದರೂ ಹೇಳಬಲ್ಲರು. ಬಾಯಿಪಾಠ ಮಾಡಿದವರು ಪ್ರಶ್ನೆಯ ಒಂದು ಪದ ಬದಲಾದರೆ ನಿಂತುಬಿಡುತ್ತಾರೆ. ಒಟ್ಟು ಶಕ್ತಿ, ವಿಕರ್ಷಣೆ, ಮರೆ ಎಂಬ ಮೂರು ಮಾತುಗಳಲ್ಲಿ ಯಾವುದೂ ಹತ್ತನೆಯ ತರಗತಿ ಪಾಸಾದವರಿಗೆ ಮೀರಿದ್ದಲ್ಲ. ಅವರಿಂದ ಕಾರಣವನ್ನು ಮುಚ್ಚಿಡುವುದು ದಯೆಯಲ್ಲ, ಅನ್ಯಾಯ.

ಪಾಠವನ್ನು ತಿದ್ದಲು ಪುಸ್ತಕವನ್ನೇ ಬದಲಿಸಬೇಕಿಲ್ಲ. ವಿನ್ಯಾಸವನ್ನು ಕೋಷ್ಟಕದಿಂದ ಓದಿಸಬಹುದು. ಬರೆಯುವಾಗ 3ಡಿಯನ್ನು ಮೊದಲು, 4ಎಸ್‌ಅನ್ನು ಕೊನೆಗೆ ಬರೆಸಿದರೆ ಅಯಾನುಗಳಲ್ಲಿ ಹೊರಗಿನದು ಮೊದಲು ಹೋಗುವುದು ತಾನಾಗಿ ಕಾಣುತ್ತದೆ. ಕ್ರೋಮಿಯಂ, ತಾಮ್ರಗಳ ವಿನ್ಯಾಸವನ್ನು ಪ್ರಯೋಗದಿಂದ ತಿಳಿದ ಸಂಗತಿ ಎಂದು ಹೇಳಿ, ಎರಡು ಸ್ಥಿತಿಗಳ ಶಕ್ತಿ ಹತ್ತಿರ ಹತ್ತಿರ ಇರುವುದರಿಂದ ಹೀಗಾಗುತ್ತದೆ ಎಂದರೆ ಆ ಮಟ್ಟಕ್ಕೆ ಸಾಕು. ಎನ್‌ಸಿಇಆರ್‌ಟಿಯದೇ ಅಂಗವಾಗಿ 1963ರಿಂದ ಶಿಕ್ಷಕರನ್ನು ತಯಾರಿಸುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. ಅಧ್ಯಾಪಕರ ತರಬೇತಿಯಲ್ಲಿ ಇದಕ್ಕೆ ಒಂದು ಗಂಟೆ ಮೀಸಲಿಟ್ಟರೂ ಸಾಕಷ್ಟಾಯಿತು.

ಪರೀಕ್ಷೆಯ ಪ್ರಶ್ನೆ ಬದಲಾದರೆ ಉಳಿದದ್ದು ತಾನಾಗಿ ಬದಲಾಗುತ್ತದೆ. ಕ್ರೋಮಿಯಂನ ವಿನ್ಯಾಸ ಬರೆದು ಕಾರಣ ಕೊಡಿ ಎನ್ನುವ ಬದಲು, ಕ್ರೋಮಿಯಂ ಮತ್ತು ಟಂಗ್‌ಸ್ಟನ್ ಎರಡರ ವಿನ್ಯಾಸವನ್ನೂ ಪ್ರಶ್ನೆಯಲ್ಲೇ ಕೊಟ್ಟು, ಅರ್ಧ ತುಂಬಿದ ಉಪಕವಚದ ಸ್ಥಿರತೆ ಒಂದರಿಂದಲೇ ಇವೆರಡನ್ನೂ ವಿವರಿಸಲು ಸಾಧ್ಯವೇ ಎಂದು ಕೇಳಬಹುದು. ಅಥವಾ ಪೊಟ್ಯಾಸಿಯಂ ಪರಮಾಣು, ಕ್ಯಾಲ್ಸಿಯಂ ಅಯಾನು, ಸ್ಕ್ಯಾಂಡಿಯಂ ಅಯಾನುಗಳ ಹತ್ತೊಂಬತ್ತನೆಯ ಎಲೆಕ್ಟ್ರಾನಿನ ಜಾಗ ಮತ್ತು ಅಂತರಗಳನ್ನು ಪುಟ್ಟ ಕೋಷ್ಟಕವಾಗಿ ಕೊಟ್ಟು, ನ್ಯೂಕ್ಲಿಯಸ್ಸಿನ ಆವೇಶ ಏರಿದಂತೆ 3ಡಿಗೆ ಏನಾಗುತ್ತದೆ ಎಂದು ಬರೆಯಲು ಹೇಳಬಹುದು. ಇಂಥ ಪ್ರಶ್ನೆಗೆ ಮೂರು ಅಂಕ, ಉತ್ತರಕ್ಕೆ ಐದಾರು ಸಾಲು. ಓರೆ ಬಾಣದ ಪಟ ಬರೆದವರಿಗೆ ಅದರಲ್ಲಿ ಅಂಕ ಸಿಗುವುದಿಲ್ಲ, 3ಡಿ ಕುಗ್ಗಿ ಕೆಳಗಿಳಿಯುತ್ತದೆ ಎಂದು ಕೊಟ್ಟ ಸಂಖ್ಯೆಗಳಿಂದ ತೋರಿಸಿದವರಿಗೆ ಸಿಗುತ್ತದೆ.